ಬಿಲ್ಲೆಯ ಸಂಖ್ಯೆ ಮತ್ತು ಮನೆತನದ ಹೆಸರು: ರಾಯದುರ್ಗ–ಮಡಕಶಿರಾ ಸೀಮೆಯ ಒಬ್ಬ ಪೊಲೀಸನ ಶೋಧ

ನಮ್ಮ ಮನೆಯ ಹಿರಿಯರ ಮಾತಿನಲ್ಲಿ ಅಜ್ಜನ ಅಜ್ಜನಿಗೆ ಇದ್ದ ಹೆಸರು ‘ಬಿಲ್ಲೆ ತಾತ’. ಆತನ ನಿಜನಾಮ ಬಹುಕಾಲ ಯಾರಿಗೂ ನೆನಪಿರಲಿಲ್ಲ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ತಲೆಗೆ ಪೇಟ, ಕೈಯಲ್ಲಿ ದೊಣ್ಣೆ. ರಾಯದುರ್ಗದ ಠಾಣೆಯಲ್ಲಿ ಕೆಲಸ, ಮಡಕಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ. ಇಷ್ಟರ ಜೊತೆಗೆ ಎರಡು ಸಂಗತಿಗಳನ್ನು ಹೇಳುತ್ತಿದ್ದರು. ಒಂದು, ಧಾತು ಸಂವತ್ಸರದ ಬರದಲ್ಲಿ ಆತ ಧಾನ್ಯದ ಬಂಡಿಗಳಿಗೆ ಕಾವಲು ನಿಂತಿದ್ದನೆಂಬುದು. ಇನ್ನೊಂದು, ‘ಜಿಲ್ಲೆ ಒಡೆದ ವರ್ಷ’ ಊರಿಗೆ ಬಂದವನು ಮತ್ತೆ ರಾಯದುರ್ಗಕ್ಕೆ ಹೋಗಲಿಲ್ಲವೆಂಬುದು.

ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಸಾಮಾನ್ಯ ಪೊಲೀಸನನ್ನು ಆತನ ವಂಶಸ್ಥರು ಇಂದು ದಾಖಲೆಗಳಲ್ಲಿ ಗುರುತಿಸಬಲ್ಲರೆ ಎಂಬುದು ಈ ಲೇಖನದ ಪ್ರಶ್ನೆ. ಮೇಲುನೋಟಕ್ಕೆ ಇದು ಒಂದು ಮನೆಯ ಕುತೂಹಲ. ಆದರೆ ಹುಡುಕುತ್ತ ಹೋದಂತೆ, ಗಡಿನಾಡಿನ ಕನ್ನಡಿಗರ ಚರಿತ್ರೆ ಯಾವ ಕಾಗದದಲ್ಲಿ, ಯಾವ ಭಾಷೆಯಲ್ಲಿ ಉಳಿದಿದೆ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿರುವುದು ಕಂಡುಬಂತು. ಈ ಕಥನದಲ್ಲಿ ನೆರೆಹೊರೆಯ ಮನೆತನಗಳ ನೆನಪುಗಳೂ ಸೇರಿರುವುದರಿಂದ ಹಳ್ಳಿಯ ಹೆಸರನ್ನೂ ವ್ಯಕ್ತಿಯ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ.

ಮೊದಲು ಒಂದು ಹೋಲಿಕೆಯನ್ನು ಮುಂದಿಡುವುದು ಉಚಿತ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಳ 1829ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಸೇರಿದ ಪ್ರತಿಯೊಬ್ಬನಿಗೂ ಒಂದು ವಾರಂಟ್ ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯ ಪಕ್ಕದಲ್ಲಿ ಆತನ ಹೆಸರೂ ಇರುತ್ತಿತ್ತು. ಸೇರಿದವರ ಮತ್ತು ಬಿಟ್ಟವರ ಪುಸ್ತಕಗಳು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1852ರಿಂದ ಮುಂದಿನ ನಿವೃತ್ತಿವೇತನದ ಕಡತಗಳಲ್ಲಿ ಹುಟ್ಟಿದ ಊರು, ಮೈಕಟ್ಟಿನ ವಿವರ, ಸಮೀಪ ಬಂಧುಗಳ ಹೆಸರು ಸಹ ದೊರೆಯುತ್ತವೆ. ಇದಕ್ಕೆ ಬೆಂಬಲವಾಗಿ 1837ರಿಂದ ಜನನ, ವಿವಾಹ, ಮರಣಗಳ ನೋಂದಣಿ ಇದೆ. 1841ರಿಂದ ಮನೆಮನೆಯ ಹೆಸರುಗಳುಳ್ಳ ಜನಗಣತಿಯ ಹಾಳೆಗಳಿವೆ. ಆದ್ದರಿಂದ ಲಂಡನ್ನಿನ ಪೊಲೀಸನ ಮರಿಮಗಳು ಕೆಲವು ದಿನಗಳ ಶ್ರಮದಲ್ಲಿ ತನ್ನ ಪೂರ್ವಿಕನ ಬಣ್ಣ, ಎತ್ತರಗಳನ್ನು ಸಹ ತಿಳಿದುಕೊಳ್ಳಬಲ್ಲಳು.

ಸಾಹಿತ್ಯವೂ ಆ ಪೊಲೀಸನಿಗೆ ಮುಖವೊಂದನ್ನು ಕೊಟ್ಟಿತು. ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಇನ್‌ಸ್ಪೆಕ್ಟರ್ ಬಕೆಟ್, ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಸಾರ್ಜೆಂಟ್ ಕಫ್ ಇದಕ್ಕೆ ನಿದರ್ಶನ. ಎರಡನೆಯ ಕಾದಂಬರಿ ಆರಂಭವಾಗುವುದು 1799ರ ಶ್ರೀರಂಗಪಟ್ಟಣದ ಪತನದಿಂದ ಎಂಬುದು ನಮ್ಮ ಸೀಮೆಯ ಓದುಗರಿಗೆ ಗಮನಾರ್ಹ. ಅದೇ ಪತನದ ಬಳಿಕ ಟಿಪ್ಪುವಿನ ರಾಜ್ಯದ ಪಾಲಾಗಿದ್ದ ನಮ್ಮ ಪ್ರದೇಶ ನಿಜಾಮನಿಗೆ ಸಂದು, 1800ರಲ್ಲಿ ಆತನಿಂದ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಲ್ಪಟ್ಟು ದತ್ತಮಂಡಲವೆನಿಸಿತು. ಒಂದೇ ಘಟನೆ ಇಂಗ್ಲಿಷ್ ಕಾದಂಬರಿಗೆ ಒಂದು ವಜ್ರವನ್ನೂ ಅದನ್ನು ಹುಡುಕುವ ಪೊಲೀಸನನ್ನೂ ಒದಗಿಸಿತು. ರಾಯದುರ್ಗಕ್ಕೆ ಹೊಸ ಸರ್ಕಾರವನ್ನು ಒದಗಿಸಿತು. ಆ ಸರ್ಕಾರದ ಪೊಲೀಸನ ಬಗೆಗೆ ಅಂತಹ ಕಾದಂಬರಿಯಿಲ್ಲ.

ಬಿಲ್ಲೆ ತಾತ ಸೇರಿದ ದಳ ಯಾವುದು? ಮದರಾಸು ಆಧಿಪತ್ಯದಲ್ಲಿ 1816ರ ಹನ್ನೊಂದನೆಯ ರೆಗ್ಯುಲೇಷನ್ನಿನಂತೆ ಪೊಲೀಸ್ ಅಧಿಕಾರ ತಹಶೀಲ್ದಾರನ ಕೈಯಲ್ಲಿತ್ತು. ಕೆಳಗೆ ಹಳ್ಳಿಯ ಗೌಡ, ಶಾನುಭೋಗ, ತಳವಾರರು. ಕಂದಾಯ ವಸೂಲು ಮಾಡುವವನೇ ಕಳ್ಳನನ್ನೂ ಹಿಡಿಯಬೇಕು. ಇದರ ಫಲವೇನಾಯಿತೆಂಬುದನ್ನು 1855ರ ಮದರಾಸು ಚಿತ್ರಹಿಂಸಾ ತನಿಖಾ ಆಯೋಗದ ವರದಿ ತೆರೆದಿಟ್ಟಿತು. ಕಂದಾಯ ಬಾಕಿಗಾಗಿ ಮತ್ತು ತಪ್ಪೊಪ್ಪಿಗೆಗಾಗಿ ರೈತರನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಬೆರಳುಗಳನ್ನು ‘ಕಿಟ್ಟಿ’ಯಲ್ಲಿ ಅದುಮುವುದು ಮೊದಲಾದ ಕ್ರಮಗಳು ಆಧಿಪತ್ಯದುದ್ದಕ್ಕೂ ರೂಢಿಯಲ್ಲಿದ್ದುವೆಂದು ಆಯೋಗ ಕಂಡುಕೊಂಡಿತು. ಎರಡು ಕೋಲುಗಳ ನಡುವೆ ಅಂಗವನ್ನು ಸಿಕ್ಕಿಸಿ ಬಿಗಿಯುವ ಈ ಸಾಧನದ ಹೆಸರು ಕನ್ನಡಕ್ಕೆ ಹೊಸದಲ್ಲ.

ವರದಿಯ ಬಳಿಕ ಕಂದಾಯವನ್ನೂ ಪೊಲೀಸನ್ನೂ ಬೇರ್ಪಡಿಸುವ ಕಾರ್ಯ ನಡೆಯಿತು. 1859ರ ಇಪ್ಪತ್ತನಾಲ್ಕನೆಯ ಕಾಯಿದೆಯಂತೆ ಮದರಾಸಿಗೆ ಹೊಸ ಪೊಲೀಸ್ ದಳ ಬಂತು. ವಿಲಿಯಂ ರಾಬಿನ್‌ಸನ್ ಅದರ ಮೊದಲ ಮುಖ್ಯಸ್ಥನಾದ. ಇತರ ಅನೇಕ ಪ್ರಾಂತಗಳಿಗೆ ಅನ್ವಯಿಸಿದ 1861ರ ಪೊಲೀಸ್ ಕಾಯಿದೆಗಿಂತ ಇದು ಎರಡು ವರ್ಷ ಹಿಂದಿನದು. ಜಿಲ್ಲೆಗೊಬ್ಬ ಐರೋಪ್ಯ ಸೂಪರಿಂಟೆಂಡೆಂಟ್, ಆತನ ಕೆಳಗೆ ಇನ್‌ಸ್ಪೆಕ್ಟರುಗಳು, ಠಾಣೆಗೆ ಹೆಡ್ ಕಾನ್‌ಸ್ಟೇಬಲ್, ಕೊನೆಗೆ ಕಾನ್‌ಸ್ಟೇಬಲ್. ಸಬ್ ಇನ್‌ಸ್ಪೆಕ್ಟರ್ ಠಾಣೆಯ ಮುಖ್ಯಸ್ಥನಾದದ್ದು 1902–03ರ ಫ್ರೇಸರ್ ಆಯೋಗದ ನಂತರ. ಆದ್ದರಿಂದ ಒಂದು ಮನೆಯವರು ತಮ್ಮ ಪೂರ್ವಿಕ 1870ರ ದಶಕದಲ್ಲಿ ನಮ್ಮ ಭಾಗದ ಠಾಣೆಯೊಂದರ ‘ಸಬ್ ಇನ್‌ಸ್ಪೆಕ್ಟರ್’ ಆಗಿದ್ದನೆಂದು ಹೇಳಿದರೆ, ನೆನಪು ನಂತರದ ಕಾಲದ ಪದವಿಯನ್ನು ಹಿಂದಿನವನಿಗೆ ತೊಡಿಸಿದೆಯೆಂದು ತಿಳಿಯಬೇಕು. ನಮ್ಮ ಮನೆಯವರು ಬಿಲ್ಲೆಯ ಆಚೆಗೆ ಏನನ್ನೂ ಸೇರಿಸಿರಲಿಲ್ಲ. ಅದೇ ನನಗೆ ವಿಶ್ವಾಸ ಹುಟ್ಟಿಸಿತು.

ಇನ್ನು ಈ ದಳದ ಕಾಗದಗಳು. ಮದರಾಸು ಪೊಲೀಸಿನ ವಾರ್ಷಿಕ ಆಡಳಿತ ವರದಿಗಳು ಜಿಲ್ಲಾವಾರು ಅಂಕಿಗಳಿಂದ ತುಂಬಿವೆ: ಎಷ್ಟು ಜನ ಕಾನ್‌ಸ್ಟೇಬಲ್‌ಗಳು, ಎಷ್ಟು ಮಂದಿಗೆ ಓದುಬರಹ ಬಲ್ಲದು, ಎಷ್ಟು ಮಂದಿ ಶಿಕ್ಷೆಗೊಳಗಾದರು, ಎಷ್ಟು ಮಂದಿ ವಜಾ ಆದರು. ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ಟಿನಲ್ಲಿ ಹೆಸರುಗಳಿವೆ, ಆದರೆ ಅವು ಮೇಲಧಿಕಾರಿಗಳವು. ಬಳ್ಳಾರಿಯಲ್ಲಿ ತೀರಿಕೊಂಡ ಐರೋಪ್ಯನ ಸಮಾಧಿಯ ದಾಖಲೆ ಇಂದಿಗೂ ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗಬಹುದು. ಆತನ ಕೆಳಗೆ ದುಡಿದ ಕಾನ್‌ಸ್ಟೇಬಲ್ ಆ ವರದಿಗಳಲ್ಲಿ ಮೊತ್ತದೊಳಗಿನ ಒಂದು ಅಂಕಿ. ಜನಗಣತಿಯಿಂದಲೂ ಪ್ರಯೋಜನವಿಲ್ಲ. 1871ರ ಎಣಿಕೆಯ ಕೋಷ್ಟಕಗಳು ಅಚ್ಚಾದವು. ಮನೆಮನೆಯ ಹೆಸರು ಬರೆದ ಹಾಳೆಗಳನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲ.

ಇದರ ಮೇಲೆ ಗಡಿಯ ತೊಡಕು. ರಾಯದುರ್ಗ, ಮಡಕಶಿರಾ ಎರಡೂ 1808ರಿಂದ ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. 1882ರಲ್ಲಿ ಅನಂತಪುರ ಜಿಲ್ಲೆ ರೂಪುಗೊಂಡಾಗ ಮಡಕಶಿರಾ ಅಲ್ಲಿಗೆ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು; ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಬಂದು ಮಡಕಶಿರಾದೊಡನೆ ಮತ್ತೆ ಒಂದಾಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ಎರಡೂ ಮತ್ತೊಮ್ಮೆ ಬೇರ್ಪಟ್ಟವು. ಹೀಗಾಗಿ 1870ರ ದಶಕದ ಒಬ್ಬ ರಾಯದುರ್ಗದ ಪೊಲೀಸನನ್ನು ಹುಡುಕುವವನು ಬಳ್ಳಾರಿ, ಅನಂತಪುರ, ಚೆನ್ನೈಗಳ ನಡುವೆ, ಅಂದರೆ ಮೂರು ರಾಜ್ಯಗಳ ನಡುವೆ ಅಲೆಯಬೇಕು. ಕಾಗದಗಳು ಯಾವ ಕಾಲದಲ್ಲಿ ಯಾವ ಕಚೇರಿಗೆ ಹೋದವೆಂಬ ನಕ್ಷೆಯನ್ನು ಮೊದಲು ಬರೆದುಕೊಳ್ಳದೆ ಶೋಧ ಆರಂಭಿಸಬಾರದೆಂಬುದು ನಾನು ಕಲಿತ ಮೊದಲ ಪಾಠ.

ಪೊಲೀಸ್ ಇಲಾಖೆಯ ಬಾಗಿಲು ಹೀಗೆ ಮುಚ್ಚಿದಾಗ ಭೂಮಿಯ ಕಡೆಗೆ ತಿರುಗಬೇಕಾಯಿತು. ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಕಂದಾಯದ ರಸೀದಿಗಳ ಕಟ್ಟಿನ ನಡುವೆ ಎರಡು ಕಾಗದಗಳು ದೊರೆತವು. ಮೊದಲನೆಯದು ಇನಾಂ ಆಯೋಗದ ಹಕ್ಕುಪತ್ರ. ಅದರಲ್ಲಿ ಇನಾಮಿನ ಬಗೆ ‘ಕಟ್ಟುಬಡಿ’ ಎಂದಿದೆ.

ಈ ಪದವನ್ನು ಸ್ವಲ್ಪ ವಿವರಿಸಬೇಕು. ಪಾಳೆಯಗಾರರ ಕಾಲದಲ್ಲಿ ಆಯುಧ ಹಿಡಿದು ಕಾವಲು ಕಾಯುವ ಬಂಟರಿಗೆ ಸಂಬಳದ ಬದಲು ಕಡಿಮೆ ಗೊತ್ತುಪಡಿಸಿದ ಗುತ್ತಿಗೆಯ ಮೇಲೆ ಭೂಮಿ ಕೊಡುತ್ತಿದ್ದರು. ಅವರೇ ಕಟ್ಟುಬಡಿಯವರು. ಥಾಮಸ್ ಮನ್ರೋ 1800ರಿಂದ 1807ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದಾಗ ಪಾಳೆಯಗಾರರ ಬಲವನ್ನು ಮುರಿದ. ಬಂಟರ ಭೂಮಿ ಮಾತ್ರ ಬಹುಮಟ್ಟಿಗೆ ಉಳಿಯಿತು. ಅವರು ಕಚೇರಿಯ ಜವಾನರಾಗಿ ಹೊಸ ಒಡೆಯನ ಊಳಿಗಕ್ಕೆ ಬಂದರು. 1858ರಲ್ಲಿ ನೇಮಕವಾದ ಇನಾಂ ಆಯೋಗ ಮುಂದಿನ ಸುಮಾರು ಒಂದು ದಶಕ ಕಾಲ ಪ್ರತಿಯೊಂದು ಇನಾಮನ್ನೂ ಪರಿಶೀಲಿಸಿತು. ಹೊಸ ಪೊಲೀಸ್ ದಳ ಬಂದಿದ್ದರಿಂದ ಹಳೆಯ ಕಾವಲು ಸೇವೆಗೆ ಅಗತ್ಯವಿರಲಿಲ್ಲ. ಆದ್ದರಿಂದ ಅಂತಹ ಭೂಮಿಗಳಿಗೆ ಒಂದು ಬಿಡುಗಡೆಯ ಕಾಣಿಕೆಯನ್ನು ವಿಧಿಸಿ, ಸೇವೆಯ ಕಟ್ಟಿನಿಂದ ಬಿಡಿಸಿ, ಸ್ವಂತ ಆಸ್ತಿಯಾಗಿ ಮಾಡಿಕೊಡಲಾಯಿತು.

ವಂಶಾವಳಿ ಹುಡುಕುವವರಿಗೆ ಆಯೋಗದ ವಹಿಗಳಷ್ಟು ಬೆಲೆಯುಳ್ಳವು ಬೇರೆ ಇಲ್ಲ. ಇನಾಂ ಮೊದಲು ಯಾರಿಗೆ ಕೊಟ್ಟದ್ದು, ಹಿಂದಿನ ಲೆಕ್ಕಗಳಲ್ಲಿ ಯಾರ ಹೆಸರಿತ್ತು, ಈಗಿನ ಅನುಭೋಗದಾರ ಯಾರು, ಆತನ ವಯಸ್ಸೆಷ್ಟು, ಮೊದಲಿನವನಿಗೆ ಏನಾಗಬೇಕು ಎಂಬ ಅಂಕಣಗಳು ಅವುಗಳಲ್ಲಿರುತ್ತವೆ. ಒಂದೇ ಸಾಲಿನಲ್ಲಿ ಮೂರು ತಲೆಮಾರು ನಿಲ್ಲಬಹುದು. ವರ್ಷಗಳನ್ನು ಫಸಲಿಯಲ್ಲಿ ಬರೆದಿರುತ್ತಾರೆ. 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಫಸಲಿ 1270 ಎಂದರೆ 1860–61. ನಮ್ಮ ಹಕ್ಕುಪತ್ರದಲ್ಲಿದ್ದ ಹೆಸರು ಬಿಲ್ಲೆ ತಾತನ ತಂದೆಯದು. ಎಂದರೆ ಆತ ಪೊಲೀಸನಾದದ್ದು ಆಕಸ್ಮಿಕವಲ್ಲ. ಕಾವಲಿನ ಭೂಮಿಯಿಂದ ಕಾವಲು ಕಳಚಿದಾಗ ಮಗ ಆ ಹಳೆಯ ವೃತ್ತಿಯನ್ನು ಸಂಬಳದ ರೂಪದಲ್ಲಿ ಮುಂದುವರಿಸಿದ.

ಎರಡನೆಯ ಕಾಗದ ಒಂದು ಕ್ರಯಪತ್ರದ ನಕಲು. 1860ರ ದಶಕದ ನೋಂದಣಿ ಕಾಯಿದೆಗಳ ಬಳಿಕ ಭೂಮಿಯ ಕ್ರಯಪತ್ರಗಳು ಸಬ್ ರಿಜಿಸ್ಟ್ರಾರರ ಪುಸ್ತಕಗಳಿಗೆ ಏರತೊಡಗಿದವು. ಬರೆದುಕೊಟ್ಟವನ, ಬರೆಯಿಸಿಕೊಂಡವನ ತಂದೆಯ ಹೆಸರು, ವೃತ್ತಿ, ವಾಸಸ್ಥಳಗಳನ್ನು ಅವುಗಳಲ್ಲಿ ನಮೂದಿಸುವ ಪದ್ಧತಿಯಿತ್ತು. ನಮ್ಮ ಪತ್ರ ಕನ್ನಡದಲ್ಲಿದೆ. ಬರೆಯಿಸಿಕೊಂಡವನ ಹೆಸರು, ಆತನ ತಂದೆಯ ಹೆಸರು, ‘ಪೊಲೀಸು ಕಾನಿಷ್ಟೇಬಲು’ ಎಂಬ ವೃತ್ತಿ, ರಾಯದುರ್ಗದಲ್ಲಿ ಹಾಲಿ ವಾಸ. ತಂದೆಯ ಹೆಸರು ಹಕ್ಕುಪತ್ರದ ಹೆಸರಿಗೆ ಸರಿಹೊಂದುತ್ತದೆ. ಕೊನೆಯಲ್ಲಿ ಆತನ ರುಜುವಿದೆ. ಅಕ್ಷರಗಳು ಒಂದರಿಂದ ಒಂದು ದೂರ ನಿಂತಿವೆ, ಸಾಲು ಮೇಲಕ್ಕೇರಿದೆ. ಆದರೂ ಆತ ಓದುಬರಹ ಬಲ್ಲವರ ಲೆಕ್ಕಕ್ಕೆ ಸೇರಿದ್ದನೆಂಬುದು ಅದರಿಂದ ತಿಳಿಯುತ್ತದೆ. ಹೆಸರೂ ವೃತ್ತಿಯೂ ಒಂದೇ ಹಾಳೆಯ ಮೇಲೆ ನನಗೆ ಸಿಕ್ಕಿದ್ದು ಇದೊಂದರಲ್ಲೇ, ಅದೂ ಕನ್ನಡದಲ್ಲಿ.

ಈಗ ಮನೆಯ ನೆನಪುಗಳನ್ನು ಕಾಲಗಣನೆಗೆ ಒಡ್ಡಬಹುದಾಗಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಕೇವಲ ‘ಧಾತು’ ಎಂದರೆ 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಹೊಸ ಪೊಲೀಸ್ ದಳ ಹುಟ್ಟಿದ್ದು 1859ರ ಬಳಿಕವಾದ್ದರಿಂದ ಮೊದಲನೆಯದು ಬಿಟ್ಟುಹೋಗುತ್ತದೆ. ತಲೆಮಾರಿನ ಲೆಕ್ಕದಿಂದ ಮೂರನೆಯದು ಹೊಂದುವುದಿಲ್ಲ. ಉಳಿಯುವುದು ಧಾತು–ಈಶ್ವರ ಸಂವತ್ಸರಗಳ, ಅಂದರೆ 1876–78ರ ಮಹಾಕ್ಷಾಮ. ‘ಜಿಲ್ಲೆ ಒಡೆದ ವರ್ಷ’ 1882 ಎಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಯತನಕ ರಾಯದುರ್ಗದ ಠಾಣೆ ಆತನಿಗೆ ಸ್ವಂತ ಜಿಲ್ಲೆಯದು. ಆ ವರ್ಷದಿಂದ ಊರು ಒಂದು ಜಿಲ್ಲೆ, ಠಾಣೆ ಇನ್ನೊಂದು ಜಿಲ್ಲೆ. ಕೆಲಸ ಬಿಟ್ಟನೋ, ಅನಂತಪುರದ ದಳಕ್ಕೆ ಬದಲಾದನೋ, ಮನೆಯ ಮಾತು ಅದನ್ನು ಹೇಳುವುದಿಲ್ಲ. ಆದರೆ ಆಡಳಿತದ ಗೆರೆಯೊಂದು ಒಬ್ಬ ಸಾಮಾನ್ಯನ ಬಾಳಿನಲ್ಲಿ ಮೂಡಿಸಿದ ಗುರುತನ್ನು ನಾಲ್ಕು ತಲೆಮಾರು ಜೋಪಾನ ಮಾಡಿವೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಂದು ಸುಖಾಂತ ಶೋಧವಾಗುತ್ತಿತ್ತು. ಆದರೆ ಹೆಸರು ಸಿಕ್ಕಿದ ಮೇಲೆ ಆತ ಎಂಥವನು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ನಮ್ಮ ಮನೆಯ ಕಥೆಯಲ್ಲಿ ಬಿಲ್ಲೆ ತಾತ ಬರದ ಕಾಲದಲ್ಲಿ ತನ್ನ ಪಾಲಿನ ಜೋಳವನ್ನು ಹಂಚಿದ ದಯಾಳು. ಆ ಬರದಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಎಷ್ಟು ಕುಗ್ಗಿತೆಂದರೆ, 1871 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದರಲ್ಲೊಂದು ಭಾಗ ಇಲ್ಲವಾಯಿತು. ಅಂತಹ ದಿನಗಳಲ್ಲಿ ಧಾನ್ಯದ ಬಂಡಿಗೆ ಕಾವಲು ನಿಲ್ಲುವುದೆಂದರೆ ಹಸಿದವರನ್ನು ಬಂಡಿಯಿಂದ ದೂರ ಇಡುವುದೇ ಆಗಿತ್ತು. ಪಕ್ಕದ ಹಳ್ಳಿಯ ಒಬ್ಬ ವೃದ್ಧೆಯನ್ನು ಕೇಳಿದಾಗ ಆಕೆ ತನ್ನ ಅಜ್ಜಿಯಿಂದ ಬಂದ ಮಾತೊಂದನ್ನು ಹೇಳಿದಳು: ಮಕ್ಕಳು ಅಳು ನಿಲ್ಲಿಸದಿದ್ದರೆ ‘ಬಿಲ್ಲೆಯವನು ಬಂದ’ ಎಂದು ಹೆದರಿಸುತ್ತಿದ್ದರಂತೆ. ಆ ಬಿಲ್ಲೆಯವನು ನಮ್ಮ ತಾತನೇ ಆಗಿರಬೇಕೆಂದಿಲ್ಲ. ಆದರೆ ಆತನಾಗಿರಲಾರನೆಂದು ಹೇಳಲು ನನ್ನಲ್ಲಿ ಆಧಾರವೂ ಇಲ್ಲ. 1855ರ ವರದಿ ಹಳೆಯ ಜವಾನರ ಬಗೆಗೆ ಹೇಳಿದ್ದನ್ನು ಸುಮಾರು ಐವತ್ತು ವರ್ಷಗಳ ಬಳಿಕ ಫ್ರೇಸರ್ ಆಯೋಗ ಹೊಸ ಪೊಲೀಸರ ಬಗೆಗೂ ಬೇರೆ ಮಾತುಗಳಲ್ಲಿ ಹೇಳಿತು: ಜನರ ಕಣ್ಣಿನಲ್ಲಿ ಈ ದಳ ಭ್ರಷ್ಟ ಮತ್ತು ದಬ್ಬಾಳಿಕೆಯದು. ಕಾನ್‌ಸ್ಟೇಬಲನ ಕನಿಷ್ಠ ವೇತನ ತಿಂಗಳಿಗೆ 8 ರೂಪಾಯಿಯಾದರೂ ಇರಬೇಕೆಂದು ಅದೇ ಆಯೋಗ ಶಿಫಾರಸು ಮಾಡಬೇಕಾಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ವಂಶಚರಿತ್ರೆ ಬರೆಯುವವನು ಮನೆಯೊಳಗಿನ ನೆನಪನ್ನು ಬರೆದ ಹಾಳೆಯಲ್ಲೇ ಮನೆಯ ಹೊರಗಿನ ನೆನಪನ್ನೂ ಬರೆಯಬೇಕು. ನಾನು ಹಾಗೆ ಮಾಡಿದಾಗ ನಮ್ಮ ಹಿರಿಯರಿಗೆ ಸಂತೋಷವಾಗಲಿಲ್ಲ.

ನಮ್ಮ ಸೀಮೆ ಕಾವಲಿನವರ ಹೆಸರನ್ನು ಮೊದಲಿನಿಂದಲೂ ಮರೆತಿತ್ತೆಂದು ಭಾವಿಸಬಾರದು. ಮಡಕಶಿರಾದ ಅಮರಾಪುರದ ಬಳಿ ಇರುವ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ನೊಳಂಬರು ಆಳಿದ ನಾಡಿನಲ್ಲಿ ದೊರೆತ ಕನ್ನಡ ವೀರಗಲ್ಲುಗಳು ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯರನ್ನು ಸಹ ಹೆಸರಿಟ್ಟು ನೆನೆಯುತ್ತವೆ. ‘ತಳಾರ’ ಎಂಬ ಪದವೂ ಹಳಗನ್ನಡ ಶಾಸನಗಳಿಗೆ ಪರಿಚಿತವಾದುದೇ. ವಿಕ್ಟೋರಿಯಾ ಕಾಲದಲ್ಲಿಯೂ ಒಂದು ಅಪವಾದವುಂಟು. 1893ರ ಅಕ್ಟೋಬರಿನಲ್ಲಿ ಗುಂತಕಲ್ಲಿನ ರೈಲ್ವೆ ಗೇಟಿನ ಕಾವಲುಗಾರ ಹಂಪಣ್ಣ, ಬಿಳಿಯ ಸೈನಿಕರಿಂದ ಬೆನ್ನಟ್ಟಿಸಿಕೊಂಡು ಬಂದ ಇಬ್ಬರು ಹೆಂಗಸರಿಗೆ ಆಶ್ರಯ ಕೊಟ್ಟು ಗುಂಡಿಗೆ ಬಲಿಯಾದ. ವಿಚಾರಣೆಗೊಳಗಾದ ಸೈನಿಕ ಬಿಡುಗಡೆ ಹೊಂದಿದ. ಜನರು ಹಂಪಣ್ಣನಿಗೆ ಸ್ಮಾರಕ ಕಲ್ಲು ನಿಲ್ಲಿಸಿದರು. ಸಾಯದೆ, ಕಲ್ಲಾಗದೆ, ಸಂಬಳಕ್ಕೆ ದುಡಿದು ಮನೆಗೆ ಮರಳಿದವರ ಹೆಸರು ಉಳಿಯಬೇಕಾದರೆ ಅಟ್ಟದ ಮೇಲಿನ ಪೆಟ್ಟಿಗೆಯೇ ಗತಿ.

ಆ ಪೆಟ್ಟಿಗೆಗಳ ಸ್ಥಿತಿ ಹೇಗಿದೆ? ರಾಯದುರ್ಗದ ಕಡೆಯ ಡಿ. ಹಿರೇಹಾಳ್, ಬೊಮ್ಮನಹಾಳ್, ಮಡಕಶಿರಾ ಕಡೆಯ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಸಾವಿರಾರು ಕುಟುಂಬಗಳಿವೆ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆದರೆ ಕಚೇರಿಯ ಭಾಷೆ ತೆಲುಗು, ಉದ್ಯೋಗದ ಭಾಷೆ ಇಂಗ್ಲಿಷ್ ಆಗಿರುವಲ್ಲಿ ಹಳೆಯ ಕನ್ನಡ ಕೈಬರಹ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಪಟ್ಟಾದಾರ ಪುಸ್ತಕ ಬಂದ ಮೇಲೆ ಹಳೆಯ ಪತ್ರಗಳಿಗೆ ಬೆಲೆಯಿಲ್ಲವೆಂದು ಒಲೆಗೆ ಹಾಕಿದ ಮನೆಗಳನ್ನು ನಾನು ನೋಡಿದ್ದೇನೆ. ಅವುಗಳ ಜೊತೆಗೆ ಹೋದದ್ದು ಭೂಮಿಯ ಹಕ್ಕಷ್ಟೇ ಅಲ್ಲ. ಸರ್ಕಾರಿ ವರದಿಗಳು ಹೆಸರಿಸದೆ ಬಿಟ್ಟವರ ಹೆಸರುಗಳೂ ಹೋದವು.

ಇಂತಹ ಶೋಧಕ್ಕೆ ತೊಡಗುವವರಿಗೆ ನನ್ನ ಅನುಭವದಿಂದ ಹೊರಟ ಸೂಚನೆಗಳು ನಾಲ್ಕು. ಮೊದಲು ಮನೆಯ ಹಿರಿಯರ, ಹಾಗೂ ತಪ್ಪದೆ ನೆರೆಯವರ, ಮಾತುಗಳನ್ನು ಅವರ ಶಬ್ದಗಳಲ್ಲೇ ಬರೆದುಕೊಳ್ಳುವುದು. ಎರಡನೆಯದಾಗಿ ತಳವಾರ, ದಳವಾಯಿ, ಡಫೇದಾರ, ಜವಾನ ಮೊದಲಾದ ಮನೆಹೆಸರುಗಳನ್ನು ವೃತ್ತಿಯ ಸುಳಿವುಗಳಾಗಿ ಪರಿಶೀಲಿಸುವುದು. ಮೂರನೆಯದಾಗಿ ಪೊಲೀಸನನ್ನು ಪೊಲೀಸ್ ಕಡತದಲ್ಲಿ ಹುಡುಕಿ ಸೋತಲ್ಲಿ ಇನಾಂ ವಹಿ ಮತ್ತು ಕ್ರಯಪತ್ರಗಳಲ್ಲಿ ಹುಡುಕುವುದು. ನಾಲ್ಕನೆಯದಾಗಿ, ಸಿಕ್ಕಿದ ಕಾಗದದ ಛಾಯಾಪ್ರತಿಯನ್ನು ಮನೆಯ ಹೊರಗೂ ಒಂದೆಡೆ ಇರಿಸುವುದು. ಇದಕ್ಕೆ ಗಡಿನಾಡಿನ ಕನ್ನಡ ಸಂಸ್ಥೆಗಳು ಒಂದು ಸಮಾನ ಭಂಡಾರವನ್ನು ರೂಪಿಸಿದರೆ ಅದು ಎರಡು ರಾಜ್ಯಗಳ ಚರಿತ್ರೆಗೂ ಉಪಕಾರವಾದೀತು.

ಕ್ರಯಪತ್ರವನ್ನು ಪೆಟ್ಟಿಗೆಗೆ ಮರಳಿಸುವ ಮುನ್ನ, ತೆಲುಗು ಮಾಧ್ಯಮದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳಿಗೆ ಆ ರುಜುವನ್ನು ತೋರಿಸಿದೆ. ಆಕೆಗೆ ಕನ್ನಡ ಮಾತು ಬರುತ್ತದೆ, ಬರಹ ಬಾರದು. ಲಿಪಿಗಳ ಹೋಲಿಕೆಯ ಬಲದಿಂದ ಅಕ್ಷರ ಅಕ್ಷರವಾಗಿ ಓದುತ್ತ ಹೋದಳು. ‘ಕ’ದಲ್ಲಿ ಒಮ್ಮೆ, ‘ತ’ದಲ್ಲಿ ಒಮ್ಮೆ ತಡೆದಳು, ನಾನು ಹೇಳಿಕೊಟ್ಟೆ. ಕೊನೆಗೆ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿ, ಇದು ಯಾರ ಹೆಸರು ಎಂದು ಕೇಳಿದಳು.